ಬಿಟ್ಟಿ ಸಿಕ್ಕ ಮೊಲಕ್ಕೆ ಎಷ್ಟು ಖರ್ಚು? ಹುಬ್ಬಳ್ಳಿ-ಧಾರವಾಡದವರಿಗೆ ದತ್ತು ಮೊಲದ ಪೂರ್ತಿ ಲೆಕ್ಕ

ದತ್ತು ಮೊಲಕ್ಕೆ ಬೆಲೆ ಅಂತ ಇಲ್ಲ. ಕೊಡುವವರು ಅಲ್ಲಿಯವರೆಗಿನ ಔಷಧ, ಆರೈಕೆಯ ಖರ್ಚು ಅಂತ ಐನೂರೋ ಸಾವಿರವೋ ಕೇಳಬಹುದು, ಅಷ್ಟೇ. ಆದರೆ ಎರಡು ಕೆಜಿ ತೂಕದ ಒಂದು ಮೊಲ ಮನೆ ಹೊಕ್ಕ ಮೊದಲ ಎರಡು ತಿಂಗಳಲ್ಲಿ ಹದಿಮೂರರಿಂದ ಇಪ್ಪತ್ತೈದು ಸಾವಿರ ರೂಪಾಯಿ ಬೇಡುತ್ತದೆ. ಆಮೇಲೆ ತಿಂಗಳಿಗೆ ಎರಡರಿಂದ ನಾಲ್ಕೂವರೆ ಸಾವಿರ. ಚೆನ್ನಾಗಿ ಸಾಕಿದ ಮೊಲ 8ರಿಂದ 12 ವರ್ಷ ಬದುಕುತ್ತದೆ, ಅಷ್ಟು ವರ್ಷವೂ ಈ ಖರ್ಚು ತಪ್ಪದು.

ಎರಡು ಸಾವಿರ ಎಲ್ಲಿ, ನಾಲ್ಕೂವರೆ ಸಾವಿರ ಎಲ್ಲಿ? ಈ ಅಂತರವೆಲ್ಲ ಹುಲ್ಲಿನದು. ಹೊರದೇಶದ ಒಣಹುಲ್ಲನ್ನು ಪ್ಯಾಕೆಟ್ ಲೆಕ್ಕದಲ್ಲಿ ತರಿಸುತ್ತೀರೋ, ನಮ್ಮ ಸೀಮೆಯ ಹುಲ್ಲನ್ನೇ ಕೊಯ್ದು ಒಣಗಿಸುತ್ತೀರೋ ಅನ್ನುವುದರ ಮೇಲೆ ತಿಂಗಳ ಖರ್ಚು ನಿಂತಿದೆ. ಹಾಗಾಗಿ ಮುಂದೆ ಹುಲ್ಲಿನ ಮಾತು ಕೊಂಚ ಜಾಸ್ತಿಯೇ ಬರುತ್ತದೆ. ಇಲ್ಲಿರುವ ಮೊತ್ತಗಳೆಲ್ಲ ಬಜೆಟ್ ಹಾಕಲು ಇಟ್ಟುಕೊಳ್ಳಬೇಕಾದ ಅಂದಾಜು. ನಿಮ್ಮ ಡಾಕ್ಟರು, ನಿಮ್ಮ ಅಂಗಡಿ ಹೇಳುವ ದರ ಬರೆದುಕೊಂಡು ತಿದ್ದಿಕೊಳ್ಳಿ.

ಮೊದಲ ಹೆಜ್ಜೆ: ಮೊಲಕ್ಕಿಂತ ಮುಂಚೆ ಡಾಕ್ಟರು

ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಮೊಲ ತಂದು ಆರು ತಿಂಗಳಾದ ಮೇಲೆ ಒಂದು ಭಾನುವಾರ ಅದು ತಿನ್ನುವುದನ್ನು ನಿಲ್ಲಿಸುತ್ತದೆ. ಆವಾಗ ಮೊಲ ನೋಡುವ ಡಾಕ್ಟರು ಯಾರು ಅಂತ ಹುಡುಕಾಟ ಶುರು.

ಅವಳಿನಗರದಲ್ಲಿ ನಾಯಿ, ಬೆಕ್ಕು ನೋಡುವ ಖಾಸಗಿ ಕ್ಲಿನಿಕ್‌ಗಳಿವೆ. ಸರ್ಕಾರಿ ಪಶು ಆಸ್ಪತ್ರೆಯ ದಿನನಿತ್ಯದ ಕೆಲಸ ಆಕಳು, ಎಮ್ಮೆ, ಕುರಿ. ಮೊಲ ಆ ಕಡೆಗೂ ಸೇರುವುದಿಲ್ಲ, ಈ ಕಡೆಗೂ ಸೇರುವುದಿಲ್ಲ. ಅದಕ್ಕೆ ವಾಂತಿ ಬರುವುದಿಲ್ಲ. ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಅಮಾಕ್ಸಿಸಿಲಿನ್‌ನಂಥ ಮಾಮೂಲಿ ಆ್ಯಂಟಿಬಯಾಟಿಕ್ ಬಾಯಿಂದ ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ನಾಶವಾಗಿ ಪ್ರಾಣಕ್ಕೇ ಕುತ್ತು. ನಾಯಿಯ ಉಣ್ಣೆಹುಳಕ್ಕೆ ಹಾಕುವ ಫಿಪ್ರೊನಿಲ್ ಹನಿ ಮೊಲಕ್ಕೆ ವಿಷ. ಈ ಎರಡು ಹೆಸರನ್ನು ನೀವೇ ನೆನಪಿಟ್ಟುಕೊಳ್ಳಿ, ಚೀಟಿಯಲ್ಲಿ ಕಂಡರೆ ಅಲ್ಲೇ ಕೇಳಿ.

ಎರಡು ಮೂರು ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಬೇಕಾದದ್ದು ಇಷ್ಟು. ಮೊಲದ ಸಂತಾನಹರಣ ಆಪರೇಷನ್ ಎಷ್ಟು ಮಾಡಿದ್ದೀರಿ, ಕೊನೆಯದು ಯಾವಾಗ? ಗ್ಯಾಸ್ ಅರಿವಳಿಕೆ (ಐಸೊಫ್ಲುರೇನ್) ಇದೆಯೋ, ಬರೀ ಇಂಜೆಕ್ಷನ್ನೋ? ಆಪರೇಷನ್ ಆದ ಮೇಲೆ ನೋವಿಗೆ ಏನು ಕೊಡುತ್ತೀರಿ? ಬೆಳೆದ ದವಡೆಹಲ್ಲು ಉಜ್ಜಿ ಸವೆಸುವ ಸಲಕರಣೆ ಇದೆಯೇ? ರಾತ್ರಿ ಫೋನ್ ಎತ್ತುತ್ತೀರಾ? ಕೊನೆಗೆ ಒಂದು ಪರೀಕ್ಷೆಯ ಪ್ರಶ್ನೆ: ಆಪರೇಷನ್‌ಗೆ ಮುಂಚೆ ಎಷ್ಟು ಹೊತ್ತು ಉಪವಾಸ ಕೆಡವಬೇಕು? "ಹಿಂದಿನ ರಾತ್ರಿಯಿಂದಲೇ ಏನೂ ಕೊಡಬೇಡಿ" ಅನ್ನುವ ಉತ್ತರ ಬಂದರೆ ಅವರು ಮೊಲವನ್ನು ನಾಯಿಯ ಲೆಕ್ಕಕ್ಕೆ ಹಿಡಿದಿದ್ದಾರೆ ಅಂತ ಅರ್ಥ. ವಾಂತಿಯೇ ಬಾರದ ಪ್ರಾಣಿಗೆ ಉಪವಾಸದಿಂದ ಲಾಭವಿಲ್ಲ, ಕರುಳು ನಿಲ್ಲುವ ಅಪಾಯ ಮಾತ್ರ ಇದೆ. ಬೇರೆ ಕಡೆ ಕೇಳಿ.

ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯ ಇದೆ. ಗದಗ, ಲಕ್ಷ್ಮೇಶ್ವರ, ಮುಂಡರಗಿ ಕಡೆಯವರು ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನವರಿಗೆ ಹುಬ್ಬಳ್ಳಿ ಅಥವಾ ಪಶುವೈದ್ಯಕೀಯ ಕಾಲೇಜು ಇರುವ ಶಿವಮೊಗ್ಗ. ಹಾವೇರಿಯಿಂದ ಹುಬ್ಬಳ್ಳಿಗೆ ಕಾರಿನಲ್ಲಿ ಹೋಗಿಬಂದರೆ ಸುಮಾರು 150 ಕಿ.ಮೀ., ಪೆಟ್ರೋಲ್‌ಗೇ ಸಾವಿರ ರೂಪಾಯಿ ಆಯಿತು. ವರ್ಷಕ್ಕೆ ಇಂಥ ನಾಲ್ಕು ಓಡಾಟ ಆಗುತ್ತದೆಂದು ಲೆಕ್ಕಕ್ಕೆ ಸೇರಿಸಿ. 1962 ನಂಬರಿಗೆ ಫೋನ್ ಮಾಡಿದರೆ ಬರುವ ಪಶು ಸಂಜೀವಿನಿ ವಾಹನ ಮುಖ್ಯವಾಗಿ ದನಕರುಗಳಿಗಾಗಿ ಇರುವುದು. ಮೊಲದ ಹೊಟ್ಟೆ ನಿಂತಾಗ ಅದನ್ನು ಕಾಯುತ್ತ ಕೂರಬೇಡಿ.

ಎರಡನೆಯ ಹೆಜ್ಜೆ: ಹುಲ್ಲಿನ ಏರ್ಪಾಡು

ಮೊಲದ ಊಟದಲ್ಲಿ ನೂರಕ್ಕೆ ಎಂಬತ್ತು ಪಾಲು ಒಣಹುಲ್ಲು. ಗಜ್ಜರಿ ಅಲ್ಲ, ಪೆಲೆಟ್ (ಅಂಗಡಿಯ ಕಾಳಿನಂಥ ಸಿದ್ಧ ಆಹಾರ) ಅಲ್ಲ, ಪಲ್ಲೆಯೂ ಅಲ್ಲ. ಹುಲ್ಲಿನ ನಾರು ಕರುಳನ್ನು ನಡೆಸುತ್ತದೆ, ಹುಲ್ಲು ಅಗಿಯುವ ಅಡ್ಡಸವೆತ ದವಡೆಹಲ್ಲನ್ನು ಅಳತೆಯಲ್ಲಿ ಇಡುತ್ತದೆ. ಮುಂದಿನ ಹಲ್ಲು ವಾರಕ್ಕೆ 2-3 ಮಿ.ಮೀ. ಬೆಳೆಯುವ ಪ್ರಾಣಿ ಇದು. ಹುಲ್ಲಿನಲ್ಲಿ ಉಳಿಸಿದ ನೂರು ರೂಪಾಯಿ ಹಲ್ಲಿನ ಬಿಲ್ಲಿನಲ್ಲಿ ಸಾವಿರವಾಗಿ ಹೊರಗೆ ಬರುತ್ತದೆ.

ಎರಡು ಕೆಜಿ ಮೊಲ ದಿನಕ್ಕೆ 80ರಿಂದ 100 ಗ್ರಾಂ ತಿನ್ನುತ್ತದೆ. ಮೇಲೆ ಕೂತು, ಉಚ್ಚೆ ಹೊಯ್ದು, ಎಳೆದಾಡಿ ಕಾಲುಭಾಗ ಹಾಳು ಮಾಡುತ್ತದೆ. ತಿಂಗಳಿಗೆ ಮೂರೂವರೆಯಿಂದ ನಾಲ್ಕು ಕೆಜಿ ಬೇಕು. ಹೊರಗಿನಿಂದ ಬರುವ ಟಿಮೊಥಿ ಹುಲ್ಲನ್ನು ಆನ್‌ಲೈನ್‌ನಲ್ಲಿ ಕೆಜಿಗೆ 600ರಿಂದ 800 ರೂಪಾಯಿ ಅಂತ ಹಿಡಿದರೆ ಎರಡೂವರೆಯಿಂದ ಮೂರು ಸಾವಿರ ಬರೀ ಹುಲ್ಲಿಗೇ ಹೋಯಿತು. ಅದು ಒಳ್ಳೆಯ ಹುಲ್ಲು, ಅನುಮಾನವಿಲ್ಲ. ಆದರೆ ಅದು ಚಳಿದೇಶದ ಹುಲ್ಲು, ಇಲ್ಲಿ ಬೆಳೆಯುವುದಿಲ್ಲ. ಮೊಲಕ್ಕೆ ಬೇಕಾದದ್ದು ಹುಲ್ಲಿನ ನಾರು, ಟಿಮೊಥಿಯ ಹೆಸರಲ್ಲ.

ಧಾರವಾಡದವರಿಗೆ ಇಲ್ಲೊಂದು ಅನುಕೂಲವಿದೆ. ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೇ ಇದೆ, ಕೃಷಿ ವಿಶ್ವವಿದ್ಯಾಲಯವೂ ಇದೆ. ಗಿನಿ ಹುಲ್ಲು, ನೇಪಿಯರ್ ಹುಲ್ಲಿನ ಬೇರು, ಕಾಂಡದ ತುಂಡುಗಳ ಬಗ್ಗೆ ಕೇಳಲು, ನೋಡಲು ಇದಕ್ಕಿಂತ ಹತ್ತಿರದ ಜಾಗ ಬೇಕಿಲ್ಲ. ಕೃಷಿ ಮೇಳದಲ್ಲಿ ಮೇವಿನ ಮಳಿಗೆ ಕಂಡರೆ ದಾಟಿ ಹೋಗಬೇಡಿ. ನೇಪಿಯರ್ ಎಲೆ ಅಗಲ, ದಂಟು ದಪ್ಪ. ಮೊಲ ಎಲೆ ತಿಂದು ದಂಟು ಬಿಡುತ್ತದೆ. ಗಿನಿ ಹುಲ್ಲು ತೆಳು, ಬೇಗ ಒಣಗುತ್ತದೆ. ಇದ್ದುದರಲ್ಲೆಲ್ಲ ಮೊಲ ಹಚ್ಚಿಕೊಂಡು ತಿನ್ನುವುದು ನಮ್ಮ ಕರಿಕೆಯನ್ನು.

ಎಷ್ಟು ಜಾಗ ಬೇಕು? ವರ್ಷಕ್ಕೆ ಸುಮಾರು 45 ಕೆಜಿ ಒಣಹುಲ್ಲು ಅಂತ ಇಟ್ಟುಕೊಳ್ಳಿ. ಹಸಿ ಹುಲ್ಲು ಒಣಗಿದರೆ ನಾಲ್ಕು-ಐದರಲ್ಲಿ ಒಂದು ಪಾಲು ಉಳಿಯುತ್ತದೆ, ಅಂದರೆ ಎರಡು ಕ್ವಿಂಟಲ್ ಚಿಲ್ಲರೆ ಹಸಿ ಹುಲ್ಲು. ನೀರು ಕಟ್ಟುವ ಗಿನಿ ಹುಲ್ಲಿಗೆ ಕಾಲು ಗುಂಟೆ ಜಾಗ ಇದಕ್ಕೆ ಸಾಕು. ಹೊಲ ಇಲ್ಲದವರು ಹೊಲ ಇರುವ ನೆಂಟರನ್ನೋ, ಎಮ್ಮೆ ಸಾಕುವವರನ್ನೋ ಹಿಡಿಯಿರಿ. ಅವರಿಗೆ ಒಂದು ಹೊರೆ ಹುಲ್ಲು ದೊಡ್ಡದಲ್ಲ.

ಕೊಯ್ಯುವ ಕಾಲ ಮುಖ್ಯ. ಮಳೆ ಹಿಂದಾಗಿ ಬಿಸಿಲು ಚುರುಕಾಗುವ ದಿನಗಳು, ಅಂದರೆ ಸೀಗಿ ಹುಣ್ಣಿಮೆಯಿಂದ ದೀಪಾವಳಿಯ ಆಚೀಚೆ ವಾರದೊಳಗೆ, ತೆನೆ ಒಡೆಯುವ ಮುನ್ನ. ತೆನೆ ಬಲಿತ ಹುಲ್ಲು ಕಡ್ಡಿಯಾಗಿರುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಮೊದಲ ದಿನ ಬಿಸಿಲಿನಲ್ಲಿ ಬಾಡಿಸಿ, ಆಮೇಲೆ ಮೂರು ದಿನ ಗಾಳಿಯಾಡುವ ನೆರಳಿನಲ್ಲಿ ನಾಲ್ಕು ಬೆರಳಿಗಿಂತ ದಪ್ಪ ಆಗದಂತೆ ಹರವಿ, ದಿನಕ್ಕೆರಡು ಸಲ ತಿರುವಿ ಹಾಕಿ. ಪೂರ್ತಿ ಬಿಸಿಲಿನಲ್ಲೇ ಬಿಟ್ಟರೆ ಹುಲ್ಲು ಬಿಳಿಚಿಕೊಂಡು ಎಲೆ ಪುಡಿಯಾಗಿ ಉದುರುತ್ತದೆ, ಮೊಲ ಮೂಸಿ ನೋಡಿ ಹಿಂದೆ ಸರಿಯುತ್ತದೆ. ಒಂದು ಹಿಡಿ ತೆಗೆದು ಹಗ್ಗ ಹೊಸೆದಂತೆ ಹೊಸೆಯಿರಿ. ದಂಟು ಪಟಪಟ ಮುರಿದರೆ ಆಯಿತು. ಬಾಗಿ ಸುತ್ತಿಕೊಂಡರೆ ಇನ್ನೊಂದು ದಿನ. ಹಸಿರು ಉಳಿದಿರಬೇಕು, ಚಹಾಪುಡಿಯಂಥ ಸಿಹಿ ವಾಸನೆ ಬರಬೇಕು. ಒದ್ದೆ ಗೋಣಿಯ ವಾಸನೆ ಬಂದರೆ ಒಳಗೆ ಬೂಷ್ಟು ಶುರುವಾಗಿದೆ, ಆ ಗುಡ್ಡೆ ಪೂರ್ತಿ ಎಸೆಯಿರಿ. ಆರಿಸಿ ಉಳಿಸಿಕೊಳ್ಳುವ ಆಸೆ ಬೇಡ. ಚೀಲ ಗೋಣಿಯದ್ದಾಗಲಿ, ಹಳೆಯ ಬಟ್ಟೆಯದ್ದಾಗಲಿ, ಪ್ಲಾಸ್ಟಿಕ್ ಬೇಡ. ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ.

ಎಲ್ಲಿಂದ ಕೊಯ್ಯಬಾರದು ಅನ್ನುವುದೂ ಅಷ್ಟೇ ಮುಖ್ಯ. ಹತ್ತಿ ಹೊಲ, ಮೆಣಸಿನಕಾಯಿ ಹೊಲದ ಬದುವಿನ ಹುಲ್ಲು ಎಷ್ಟೇ ಸೊಂಪಾಗಿದ್ದರೂ ಮುಟ್ಟಬೇಡಿ, ಅಲ್ಲಿ ಕೀಟನಾಶಕದ ಎಣ್ಣೆ ಹೊಡೆದಿರುತ್ತಾರೆ. ರಸ್ತೆ ಬದಿಯದ್ದು, ನಾಯಿ ಓಡಾಡುವ ಮೈದಾನದ್ದು ಬೇಡ. ಕಾಂಗ್ರೆಸ್ ಕಸ ಒಂದು ಕಡ್ಡಿ ಬೆರೆತಿದ್ದರೂ ಆರಿಸಿ ತೆಗೆಯಬೇಕು.

ನಮ್ಮಲ್ಲಿ ಹೇರಳವಾಗಿ ಸಿಗುವ, ಆದರೆ ಮೊಲಕ್ಕೆ ಆಗದ ಮೇವೂ ಇದೆ. ಜೋಳದ ಕಣಕಿ ಬರೀ ಕಡ್ಡಿ. ಎಳೆಯ ಹಸಿ ಜೋಳ, ಅದರಲ್ಲೂ ಮಳೆ ಇಲ್ಲದೆ ಬಾಡಿದ್ದು, ಸೈನೈಡ್ ವಿಷ ಇಟ್ಟುಕೊಂಡಿರುತ್ತದೆ. ದನಕ್ಕೇ ಅಪಾಯ, ಮೊಲ ಯಾವ ಲೆಕ್ಕ. ಭತ್ತದ ಹುಲ್ಲು ಹಾಸಲು ಆದೀತು, ಹೊಟ್ಟೆಗೆ ಸತ್ವವಿಲ್ಲ. ಶೇಂಗಾ ಹೊಟ್ಟು, ಕುದುರೆಮಸಾಲೆ ಸೊಪ್ಪು ಎರಡರಲ್ಲೂ ಸುಣ್ಣದ ಅಂಶ ಜಾಸ್ತಿ. ಆರು ತಿಂಗಳೊಳಗಿನ ಮರಿಗೆ ಕುದುರೆಮಸಾಲೆ ಸರಿ, ದೊಡ್ಡದಕ್ಕೆ ದಿನವೂ ಕೊಟ್ಟರೆ ಮೂತ್ರ ಸುಣ್ಣದ ನೀರಿನಂತೆ ಗಟ್ಟಿಯಾಗಿ ಕಲ್ಲು ಕಟ್ಟುತ್ತದೆ. ಶೇಂಗಾ ಹೊಟ್ಟಿನಲ್ಲಿ ಬೂಷ್ಟಿನ ಭಯ ಬೇರೆ. ಬಣವೆಯಿಂದ ಹುಲ್ಲು ತರುವುದಾದರೆ ಮಧ್ಯದ ಪದರದಿಂದ ತನ್ನಿ. ತಳ ಮಳೆನೀರು ಕುಡಿದಿರುತ್ತದೆ, ಮೇಲ್ಭಾಗ ಬಿಸಿಲಿಗೆ ಸತ್ತಿರುತ್ತದೆ.

ಒಂದು ಎಚ್ಚರಿಕೆ. ಟಿಮೊಥಿ ತಿಂದು ಬೆಳೆದ ಮೊಲಕ್ಕೆ ದಿಢೀರನೆ ಕರಿಕೆ ಹಾಕಿದರೆ ಮುನಿಸಿಕೊಂಡು ಉಪವಾಸ ಕೂರುತ್ತದೆ, ಮೊಲದ ಉಪವಾಸ ಎಂದರೆ ಆಸ್ಪತ್ರೆ. ಹತ್ತು ಹದಿನೈದು ದಿನ ಬೆರೆಸಿ ಬೆರೆಸಿ ಬದಲಿಸಿ. ಎರಡು ಕೆಜಿ ಪ್ಯಾಕೆಟ್ ಹುಲ್ಲು ಯಾವಾಗಲೂ ಮನೆಯಲ್ಲಿ ಇರಲಿ, ಮಳೆಗಾಲದಲ್ಲಿ ಒಣಗಿಸಿಟ್ಟದ್ದು ಕೆಟ್ಟರೆ ಅದೇ ಗತಿ.

ಮೂರನೆಯ ಹೆಜ್ಜೆ: ಜಾಗ ಮತ್ತು ಸಾಮಾನು

ಅಂಗಡಿಯ ತಂತಿ ತಳದ ಪಂಜರಕ್ಕೆ ದುಡ್ಡು ಹಾಕಬೇಡಿ. ಮೊಲದ ಪಾದದಲ್ಲಿ ನಾಯಿಗಿರುವಂಥ ಮೆತ್ತೆ ಇಲ್ಲ, ಬರೀ ಕೂದಲು. ತಂತಿಯ ಮೇಲೆ ಕೂತು ಕೂತು ಹಿಮ್ಮಡಿ ಹುಣ್ಣಾಗುತ್ತದೆ, ಹುಣ್ಣು ಮೂಳೆಗೆ ಇಳಿದರೆ ವಾಸಿಯಾಗುವುದು ಕಷ್ಟ. ಒಂದು ಇಂಚು ಕಣ್ಣಿನ, ಮೂರು ಅಡಿ ಎತ್ತರದ ವೆಲ್ಡ್ ಮೆಶ್ 24 ಅಡಿ ತಂದರೆ ಆರಡಿ-ಆರಡಿ ಆವರಣ ಆಗುತ್ತದೆ. ಹಾರ್ಡ್‌ವೇರ್ ಅಂಗಡಿಯವರೇ ತುಂಡು ಮಾಡಿಕೊಡುತ್ತಾರೆ. ಕತ್ತರಿಸಿದ ತುದಿಗಳನ್ನು ಅರದಿಂದ ಉಜ್ಜಿ, ಸೀಳಿದ ಪೈಪು ಹೊದಿಸಿ. ಮೂಲೆಗೆ ಕೇಬಲ್ ಟೈ. ಎಲ್ಲ ಸೇರಿ 2,000-2,500. ಸಿದ್ಧ ಮಡಚುವ ಪ್ಲೇಪೆನ್ ಆದರೆ 3,000-4,000.

ನೆಲ ಶಹಾಬಾದ್ ಕಲ್ಲಿನದ್ದಾದರೆ ಬೇಸಿಗೆಯಲ್ಲಿ ವರ. ಆದರೆ ನುಣುಪು ನೆಲದಲ್ಲಿ ಮೊಲ ಜಾರುತ್ತದೆ, ಅರ್ಧ ಜಾಗಕ್ಕೆ ಏನಾದರೂ ಹಾಸಬೇಕು. ಹಳೆಯ ಕೌದಿ ಸರಿ, ಹೊಲಿಗೆ ಬಿಚ್ಚಿ ದಾರ ಜೋತಾಡುತ್ತಿರಬಾರದು. ನುಂಗಿದ ದಾರ ಕರುಳಿಗೆ ಸುತ್ತಿಕೊಳ್ಳುತ್ತದೆ. ಅಜ್ಜಿ ಕಾಲದ ನವಲಗುಂದದ ಜಮಖಾನ ಮನೆಯಲ್ಲಿದ್ದರೆ ಅಟ್ಟದಲ್ಲೇ ಇರಲಿ, ಒಂದು ರಾತ್ರಿಯಲ್ಲಿ ಅದಕ್ಕೆ ಹೊಸ ವಿನ್ಯಾಸ ಬಂದೀತು.

ಉಳಿದದ್ದು ಚಿಲ್ಲರೆ: ಮಲಮೂತ್ರಕ್ಕೆ ಅಗಲದ ಪ್ಲಾಸ್ಟಿಕ್ ಟಬ್ (250), ಒದ್ದರೆ ಮಗುಚದ ಭಾರದ ಪಿಂಗಾಣಿ ಬಟ್ಟಲು ಎರಡು (300), ವೈರುಗಳಿಗೆ ಹೊದಿಸಲು ಎಲೆಕ್ಟ್ರಿಕ್ ಪೈಪು (400), ಉಗುರು ಕತ್ತರಿ ಮತ್ತು ಬ್ರಷ್ (500), ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ (400), ಗಟ್ಟಿ ಪ್ಲಾಸ್ಟಿಕ್‌ನ ಸಾಗಿಸುವ ಪೆಟ್ಟಿಗೆ (1,500). ಟಬ್ಬಿನ ತಳಕ್ಕೆ ರದ್ದಿ ಪೇಪರ್, ಮೇಲೆ ಹುಲ್ಲು. ಮೊಲ ತಿನ್ನುತ್ತ ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿ, ಹುಲ್ಲನ್ನು ಟಬ್ಬಿನ ಒಂದು ತುದಿಯಲ್ಲೇ ಇಟ್ಟರೆ ಅಭ್ಯಾಸ ತಾನಾಗಿ ಆಗುತ್ತದೆ. ಬೆಕ್ಕಿನ ಉಂಡೆಗಟ್ಟುವ ಮಣ್ಣು ಬೇಡ, ಮೂಸಿ ನೆಕ್ಕಿದರೆ ಹೊಟ್ಟೆಯೊಳಗೂ ಉಂಡೆಗಟ್ಟುತ್ತದೆ. ಸಾಮಿಲ್ಲಿನ ಹೊಟ್ಟಿನ ದೂಳು ಶ್ವಾಸಕ್ಕೆ ಹಾನಿ.

ನಾಲ್ಕನೆಯ ಹೆಜ್ಜೆ: ಮೊಲ ನೋಡುವುದು

ಮೊದಲಿಗೆ, ಅದು ಸಾಕುಮೊಲವೇ? ಗೋವಿನಜೋಳ ಕೊಯ್ಯುವಾಗ ಸಿಕ್ಕ ಮರಿಯನ್ನು "ರಕ್ಷಿಸಿ" ದತ್ತು ಕೊಡುವವರು ಉಂಟು. ಹೊಲದ ಕಾಡುಮೊಲದ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟು, ಮೈತುಂಬ ಕೂದಲಿದ್ದು ಹುಟ್ಟುತ್ತದೆ. ಕತ್ತಿನ ಹಿಂದೆ ಕಪ್ಪು ಮಚ್ಚೆ ಇರುತ್ತದೆ. ಸಾಕುಮೊಲದ ಮರಿ ಕಣ್ಣು ಮುಚ್ಚಿ ಬೋಳಾಗಿ ಹುಟ್ಟುತ್ತದೆ. ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ತಾಯಿ ಮರಿಯನ್ನು ಒಂಟಿಯಾಗಿ ಬಿಟ್ಟು ಹೋಗಿ ಹಾಲೂಡಿಸಲು ಮಾತ್ರ ಬರುತ್ತದೆ. ಸಿಕ್ಕಿದ್ದು ಬಹುತೇಕ ಅನಾಥವಲ್ಲ. ಇದ್ದಲ್ಲೇ ಬಿಡಿ, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಎರಡನೆಯದು ತೂಕ. ಮಾಂಸಕ್ಕೆಂದು ಸಾಕಿ ನಷ್ಟವಾಗಿ ಮುಚ್ಚಿದ ಫಾರಂನಿಂದ ಬಂದ ಬಿಳಿ ಮೈ, ಕೆಂಪು ಕಣ್ಣಿನ ನ್ಯೂಜಿಲೆಂಡ್ ವೈಟ್ ನಾಲ್ಕೈದು ಕೆಜಿ ತೂಗುತ್ತದೆ. ಇಲ್ಲಿ ಹೇಳುವ ಹುಲ್ಲು, ಪಲ್ಲೆ, ಪೆಲೆಟ್ ಎಲ್ಲ ಎರಡರಷ್ಟಾಗುತ್ತದೆ. ಪೇಟೆಯ ಅಂಗಡಿಯ ಮಿಶ್ರತಳಿ ಒಂದೂವರೆ, ಎರಡು ಕೆಜಿ.

ಆಮೇಲೆ ಮೊಲವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿಧಾನವಾಗಿ ನೋಡಿ. ಮೇಲ್ತುಟಿ ಎತ್ತಿ: ಮೇಲಿನ ಹಲ್ಲು ಕೆಳಗಿನದರ ಮುಂದೆ ಒಂದಿಷ್ಟೇ ಬಂದಿರಬೇಕು. ಎದುರುಬದುರಾಗಿ ಕೂಡಿದ್ದರೆ, ಡೊಂಕಾಗಿ ಹೊರಚಾಚಿದ್ದರೆ ಪ್ರತಿ ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು, ಜೀವಮಾನವಿಡೀ. ಸಲಕ್ಕೆ 500 ಅಂದರೂ ವರ್ಷಕ್ಕೆ ನಾಲ್ಕೈದು ಸಾವಿರ. ಕಿವಿಯೊಳಗೆ ಒಣಗಿದ ಕಂದು ಹೊಪ್ಪಳೆ ಪದರ ಕಂಡರೆ ಕಿವಿ ನುಸಿ. ನೋಡಲು ಭಯಾನಕ, ಆದರೆ ಐವರ್‌ಮೆಕ್ಟಿನ್‌ಗೆ ಕೇಳುತ್ತದೆ, ಖರ್ಚೂ ಕಡಿಮೆ. ಹೊಪ್ಪಳೆ ನೀವೇ ಕಿತ್ತರೆ ರಕ್ತ ಬರುತ್ತದೆ, ಬಿಡಿ, ಔಷಧ ಬಿದ್ದರೆ ತಾನೇ ಉದುರುತ್ತದೆ. ಮುಂಗಾಲಿನ ಒಳಭಾಗ ಅಂಟಂಟಾಗಿದ್ದರೆ ಮೂಗು ಒರೆಸಿಕೊಂಡಿದೆ, ನೆಗಡಿ ಬಹಳ ದಿನದ್ದು. ಗಲ್ಲ ಒದ್ದೆ ಇದ್ದರೆ ದವಡೆಹಲ್ಲಿನ ತೊಂದರೆ. ಹಿಂಬದಿಗೆ ಮೆತ್ತಿದ ಮಲ ಇದ್ದರೆ ಹುಲ್ಲು ಕಾಣದ ಮೊಲ, ಊಟ ಸರಿಯಾದರೆ ಹೋಗುತ್ತದೆ. ತಲೆ ಒಂದು ಕಡೆ ವಾಲಿದ್ದರೆ 28 ದಿನದ ಔಷಧಕ್ಕೂ ತಿಂಗಳುಗಟ್ಟಲೆ ಆರೈಕೆಗೂ ತಯಾರಿದ್ದೀರಾ ಅಂತ ಕೇಳಿಕೊಳ್ಳಿ.

ಗಂಡೋ ಹೆಣ್ಣೋ ಅಂತ ಕೊಡುವವರು ಹೇಳಿದ್ದನ್ನು ನಂಬಬೇಡಿ, ಮರಿಗಳಲ್ಲಿ ತಿಳಿದವರೂ ತಪ್ಪುತ್ತಾರೆ. ಗರ್ಭ 30ರಿಂದ 32 ದಿನ, ಹೆತ್ತ ದಿನವೇ ಮತ್ತೆ ಗರ್ಭ ಕಟ್ಟಬಹುದು. "ಎರಡೂ ಹೆಣ್ಣು" ಅಂತ ತಂದ ಜೋಡಿ ತಿಂಗಳಲ್ಲಿ ಎಂಟಾಗುವುದು ಹೀಗೆ.

ಸಾಗಿಸುವಾಗ ಕಾರೇ ಮೇಲು. ಬಸ್ಸಿನಲ್ಲಿ ಕಂಡಕ್ಟರು ಮೊಲಕ್ಕೂ ದುಡ್ಡು ಕೇಳಿದರೆ ಜಗಳಕ್ಕೆ ಇಳಿಯಬೇಡಿ, ಸಾರಿಗೆ ಸಂಸ್ಥೆಯ ನಿಯಮದಲ್ಲಿ ಸಾಕುಪ್ರಾಣಿಗೂ ದರ ಇದೆ. ಮಧ್ಯಾಹ್ನದ ಬಿಸಿಲಿನ ಪ್ರಯಾಣ ಮಾತ್ರ ಬೇಡ. ಪೆಟ್ಟಿಗೆಯಲ್ಲಿ ಹುಲ್ಲು ತುಂಬಿಸಿ, ನೀರಿನ ಬಟ್ಟಲ ಬದಲು ತೊಳೆದ ಒದ್ದೆ ಕೊತ್ತಂಬರಿ ಇಡಿ. ಮುಖ ತೋರಿಸುವ ಮುಂಚೆಯೇ ಫೋನ್‌ಪೇ ಮಾಡಿ ಅನ್ನುವವರು ದತ್ತು ಕೊಡುವವರಲ್ಲ.

ಐದನೆಯ ಹೆಜ್ಜೆ: ಮೊದಲ ಹದಿನಾಲ್ಕು ದಿನ

ಮನೆಯಲ್ಲಿ ಬೇರೆ ಮೊಲ ಇದ್ದರೆ ಎರಡು ವಾರ ಬೇರೆ ಕೋಣೆ. ಮೊದಲ ವಾರ ಹಳೆಯ ಊಟವೇ, ಅದು ಎಷ್ಟೇ ಕೆಟ್ಟದ್ದಾಗಿದ್ದರೂ. ಬಿಸ್ಕಿಟ್, ಚುರುಮುರಿ, ರೊಟ್ಟಿ ಚೂರು ತಿಂದು ಬೆಳೆದದ್ದಾದರೆ ಅವನ್ನು ಮಾತ್ರ ತೆಗೆದು, ಹುಲ್ಲು ಕೈಗೆ ಸಿಗುವ ಎಲ್ಲ ಕಡೆ ಇಡಿ. ದಿನವೂ ಒಂದೇ ಹೊತ್ತಿಗೆ ತೂಕ ಬರೆದಿಡಿ. ಡಾಕ್ಟರ ಮೊದಲ ತಪಾಸಣೆ, ಹಿಕ್ಕೆ ಪರೀಕ್ಷೆ, ನುಸಿಯ ಔಷಧ ಸೇರಿ 600-1,000.

ಎರಡು ದೃಶ್ಯಕ್ಕೆ ಹೊಸಬರು ಗಾಬರಿಯಾಗಿ ಕ್ಲಿನಿಕ್‌ಗೆ ಓಡಿ ದುಡ್ಡು ಕಳೆಯುತ್ತಾರೆ. ಒಂದು, ಕೆಂಪು ಮೂತ್ರ. ಸೊಪ್ಪಿನ ಬಣ್ಣಕ್ಕೆ ಮೊಲದ ಮೂತ್ರ ಹಳದಿಯಿಂದ ಇಟ್ಟಿಗೆ ಕೆಂಪಿನವರೆಗೂ ಬದಲಾಗುತ್ತದೆ. ಇಡೀ ಮಡು ಒಂದೇ ಬಣ್ಣವಿದ್ದು, ಮೊಲ ತಿಂದು ಓಡಾಡುತ್ತಿದ್ದರೆ ಒಂದು ದಿನ ಕಾಯಬಹುದು. ತಿಳಿ ಮೂತ್ರದಲ್ಲಿ ಕೆಂಪು ಚುಕ್ಕೆ, ಎಳೆ ಕಂಡರೆ ರಕ್ತ, ಕಾಯಬೇಡಿ. ಎರಡು, ಮೊಲ ಬಗ್ಗಿ ತನ್ನದೇ ಮೆತ್ತನೆಯ ಹಿಕ್ಕೆ ತಿನ್ನುವುದು. ಅದು ದ್ರಾಕ್ಷಿ ಗೊಂಚಲಿನಂತಿರುವ ಬೇರೆಯೇ ಹಿಕ್ಕೆ, ಅದರಲ್ಲೇ ಅದಕ್ಕೆ ಬೇಕಾದ ಬಿ ವಿಟಮಿನ್ ಇರುವುದು. ತಡೆಯಬೇಡಿ.

ಆರನೆಯ ಹೆಜ್ಜೆ: ಸಂತಾನಹರಣ ಆಪರೇಷನ್

ದೊಡ್ಡ ಒಂದೇ ಗಂಟು ಇದು. ಗಂಡಿಗೆ 3,000-5,000, ಹೆಣ್ಣಿಗೆ 4,000-8,000 ಎತ್ತಿಡಿ. ಗಂಡಿಗೆ ನಾಲ್ಕು ತಿಂಗಳ ಮೇಲೆ, ಹೆಣ್ಣಿಗೆ ಐದಾರು ತಿಂಗಳ ಮೇಲೆ. ಗಂಡಿನದು ವಾಸನೆ, ಮೂತ್ರ ಸಿಂಪಡಿಸುವಿಕೆ, ಜಗಳದ ಪ್ರಶ್ನೆ. ಮುಂದೂಡಿದರೆ ಗೋಡೆಗೆ ಬಣ್ಣ ಹೊಡೆಸಬೇಕಾದೀತು, ಜೀವ ಹೋಗುವುದಿಲ್ಲ. ಹೆಣ್ಣಿನದು ಹಾಗಲ್ಲ. ಆಪರೇಷನ್ ಆಗದ ಹೆಣ್ಣುಮೊಲಗಳಲ್ಲಿ ಮೂರು ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ದುಡ್ಡು ಒಂದಕ್ಕೇ ಇದ್ದರೆ ಹೆಣ್ಣಿನದನ್ನು ಮೊದಲು ಮಾಡಿಸಿ. ಕೊಡುವವರೇ ಆಪರೇಷನ್ ಮಾಡಿಸಿ ಎರಡು ಸಾವಿರ ಕೇಳಿದರೆ ಚೌಕಾಸಿ ಮಾಡಬೇಡಿ, ನಿಮಗೇ ಲಾಭ.

ಆಪರೇಷನ್ ಆದ ಗಂಡು ಆರು ವಾರದವರೆಗೂ ಮರಿ ಹುಟ್ಟಿಸಬಲ್ಲದು, ಅಲ್ಲಿಯವರೆಗೆ ಬೇರೆ ಇಡಿ. ಮನೆಗೆ ಬಂದ ಸಂಜೆ ಸೊಪ್ಪು ಮೂಸಬೇಕು, ಮರುದಿನ ಬೆಳಿಗ್ಗೆಯೊಳಗೆ ಹಿಕ್ಕೆ ಕಾಣಬೇಕು. ಕಾಣದಿದ್ದರೆ ಡಾಕ್ಟರಿಗೆ ಫೋನ್.

ತಿಂಗಳ ಲೆಕ್ಕ, ಎರಡು ಕೆಜಿಯ ಒಂದು ಮೊಲಕ್ಕೆ

ಪಲ್ಲೆ ದಿನಕ್ಕೆ 150-200 ಗ್ರಾಂ, ಸಿವುಡಿನ ಲೆಕ್ಕದಲ್ಲಿ ಒಂದೂವರೆ: ಕೊತ್ತಂಬರಿ, ಸಬ್ಬಸಿಗೆ, ಪುದೀನ, ಮೂಲಂಗಿ ಎಲೆ, ಮೆಂತೆ, ಬದಲಿಸುತ್ತ. ಸಂಜೆ ಸಂತೆ ಎತ್ತುವ ಹೊತ್ತಿಗೆ ಹೋದರೆ ಮೂಲಂಗಿ ಎಲೆ, ಹೂಕೋಸಿನ ಎಲೆ ಬಿಟ್ಟಿಯೇ ಸಿಗುತ್ತದೆ. ಕೋಸಿನ ಎಲೆ ಒಂದೆರಡು ತುಂಡಿಗಿಂತ ಹೆಚ್ಚಾದರೆ ಕೆಲವಕ್ಕೆ ಹೊಟ್ಟೆ ಉಬ್ಬರ. ಪಾಲಕ, ಪುಂಡಿ, ರಾಜಗಿರಿಯಲ್ಲಿ ಆಕ್ಸಲೇಟ್ ಜಾಸ್ತಿ, ವಾರಕ್ಕೊಮ್ಮೆ ಸಾಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟಿ ಎಲ್ಲವೂ ನಿಷಿದ್ಧ. ಗಜ್ಜರಿ ಮೊಲದ ಮಿಠಾಯಿ, ದಿನಕ್ಕೆ ಹೆಬ್ಬೆರಳ ಉಗುರಿನಷ್ಟು. ಪಲ್ಲೆಯನ್ನು ಎರಡು ನೀರಿನಲ್ಲಿ ತೊಳೆಯಿರಿ. ತಿಂಗಳಿಗೆ 500.

ಪೆಲೆಟ್ ದಿನಕ್ಕೆ ಎರಡು ಊಟದ ಚಮಚ, 30-40 ಗ್ರಾಂ. ತಿಂಗಳಿಗೆ ಒಂದು ಕೆಜಿ ಚಿಲ್ಲರೆ, 400. ದನದ ಹಿಂಡಿ, ಪಶು ಆಹಾರ ಹಾಕಬೇಡಿ, ಅದರಲ್ಲಿ ಯೂರಿಯಾ ಇರಬಹುದು. ಕೋಳಿ ಫೀಡಿನಲ್ಲಿ ಬೆರೆಸುವ ಕಾಕ್ಸಿಡಿಯಾ (ಕರುಳಿನ ಪರೋಪಜೀವಿ) ಔಷಧಗಳಲ್ಲಿ ಕೆಲವು ಮೊಲವನ್ನು ಕೊಲ್ಲುತ್ತವೆ. ರದ್ದಿ, ವಿನೆಗರ್, ಬ್ರಷ್ಷು 150. ಕಾಯಿಲೆ ಬಿದ್ದಾಗಿನ ಖರ್ಚಿಗೆಂದು ಆಪತ್ಕಾಲದ ಡಬ್ಬಿಗೆ 600. ಇಷ್ಟಾದರೆ 1,650. ಇದಕ್ಕೆ ಮನೆಯಲ್ಲಿ ಒಣಗಿಸಿದ ಹುಲ್ಲಿನ ಕೊಯ್ಲು, ಸಾಗಾಟ ಅಂತ 400 ಸೇರಿಸಿದರೆ 2,050. ಪ್ಯಾಕೆಟ್ ಹುಲ್ಲು ಸೇರಿಸಿದರೆ 4,150ರಿಂದ 4,650. ವರ್ಷಕ್ಕೆ ಇಪ್ಪತ್ತೈದು ಸಾವಿರ ಒಂದು ಕಡೆ, ಐವತ್ತು ಸಾವಿರ ದಾಟಿದ್ದು ಇನ್ನೊಂದು ಕಡೆ.

ಮೊಲ ಗುಂಪಿನ ಪ್ರಾಣಿ, ಜೋಡಿಯಾಗಿ ತರುವುದೇ ಸರಿ ಅನ್ನುವುದು ನಮ್ಮ ಅಭಿಪ್ರಾಯ. ಊಟ, ಆಪರೇಷನ್ ಎರಡರಷ್ಟು. ಆವರಣ, ಟಬ್, ಕೂಲರು, ಓಡಾಟದ ಪೆಟ್ರೋಲ್ ಅಷ್ಟೇ. ಒಟ್ಟು ಒಂದೂಮುಕ್ಕಾಲು ಪಟ್ಟು ಅಂತ ಹಿಡಿಯಿರಿ.

ಆಪತ್ಕಾಲದ ಡಬ್ಬಿ

ಹತ್ತು ಹನ್ನೆರಡು ಗಂಟೆ ತಿಂದಿಲ್ಲ, ಹಿಕ್ಕೆ ಇಲ್ಲ, ಮೂಲೆಯಲ್ಲಿ ಮುದುಡಿ ಹಲ್ಲು ಕಡಿಯುತ್ತಿದೆ: ಕರುಳು ನಿಂತಿದೆ. ನಾಳೆ ನೋಡೋಣ ಅನ್ನುವ ಕಾಯಿಲೆ ಇದಲ್ಲ. ಎಕ್ಸ್‌ರೇ, ಚರ್ಮದಡಿಯ ಸಲೈನ್, ನೋವಿನ ಔಷಧ, ಕರುಳು ನಡೆಸುವ ಔಷಧ, ಮೂರು ನಾಲ್ಕು ದಿನದ ಓಡಾಟ ಸೇರಿ 2,000ದಿಂದ 6,000. ಹಾಗಾಗಿ ತಿಂಗಳಿಗೆ ಆರುನೂರು ಸೇರುವವರೆಗೆ ಕಾಯದೆ, ಮೊಲ ತರುವ ದಿನವೇ ಡಬ್ಬಿಯಲ್ಲಿ ಐದು ಸಾವಿರ ಇರಲಿ.

ಅದೇ ಡಬ್ಬಿಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್, ಸೂಜಿ ಇಲ್ಲದ 10 ಮಿ.ಲೀ. ಸಿರಿಂಜು ನಾಲ್ಕು, ಬಿಸಿನೀರಿನ ಚೀಲ. ಮೈಬಿಸಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಸಹಜ. 38ರ ಕೆಳಗೆ ಇಳಿದಿದ್ದರೆ ಮೊದಲು ಮೈ ಕಾಯಿಸಿ, ಕಾಯಿಸುತ್ತಲೇ ಹೊರಡಿ. ಪೆಲೆಟ್ಟನ್ನು ಬೆಚ್ಚನೆ ನೀರಿನಲ್ಲಿ ನೆನೆಸಿ ಅರೆದ ಅಂಬಲಿಯನ್ನು ಬಾಯಿಯ ಪಕ್ಕದಿಂದ ಚೂರುಚೂರೇ ಕೊಡಬಹುದು, ಆದರೆ ಹೊಟ್ಟೆ ಡೋಲಿನಂತೆ ಬಿಗಿದಿದ್ದರೆ ಒಂದು ಹನಿಯೂ ಬೇಡ, ಅದು ಅಡ್ಡಗಟ್ಟಿರುವ ಲಕ್ಷಣ.

ಬೇಸಿಗೆ, ಮಳೆ, ಊರಿಗೆ ಹೋಗುವುದು

ಮೊಲಕ್ಕೆ 25 ಡಿಗ್ರಿಯವರೆಗೆ ಹಿತ, 30 ದಾಟಿದರೆ ಸಂಕಟ. ಏಪ್ರಿಲ್-ಮೇನಲ್ಲಿ ಹುಬ್ಬಳ್ಳಿ, ಗದಗ 37-38 ಮುಟ್ಟುತ್ತವೆ. ತಗಡಿನ ಮಾಡಿನ ಕೋಣೆ, ಮಾಳಿಗೆ ಮೇಲಿನ ಗೂಡು ಎರಡೂ ಬೇಡ. ಒಂದು ಲೀಟರ್ ಬಾಟಲಿ ನಾಲ್ಕು ಫ್ರೀಜ್ ಮಾಡಿ, ಬಟ್ಟೆ ಸುತ್ತಿ, ಎರಡೆರಡಾಗಿ ಬದಲಿಸುತ್ತ ಇಟ್ಟರೆ ಕರೆಂಟ್ ಹೋದರೂ ಮೂರು ತಾಸು ನಡೆಯುತ್ತದೆ. ನೀರಿನ ಕೂಲರ್ ಒಣ ಏಪ್ರಿಲ್‌ನಲ್ಲಿ ಕೆಲಸ ಮಾಡುತ್ತದೆ, ಮಳೆಯ ತೇವ ಬಂದ ಮೇಲೆ ಮಾಡುವುದಿಲ್ಲ. ಬೇಸಿಗೆಯ ಎರಡು ತಿಂಗಳಿಗೆ ವಿದ್ಯುತ್ ಬಿಲ್ಲಿಗೆ ಮುನ್ನೂರು ನಾನೂರು ಸೇರಿಸಿ.

ಮಳೆಗಾಲದ ಶತ್ರು ನೊಣ. ಹಿಂಬದಿ ಒದ್ದೆ, ಗಲೀಜು ಇದ್ದರೆ ನೊಣ ಮೊಟ್ಟೆ ಇಟ್ಟು ಒಂದೇ ದಿನದೊಳಗೆ ಹುಳ ಚರ್ಮ ಕೊರೆಯಲು ಶುರುಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆರಡು ಸಲ ಎತ್ತಿ ನೋಡಿ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ, ಒಂದೇ ಸಲದ ಖರ್ಚು, ಮನೆಯವರಿಗೂ ಉಪಯೋಗ.

ಜಾತ್ರೆಗೋ ಮದುವೆಗೋ ನಾಲ್ಕು ದಿನ ಊರಿಗೆ ಹೋಗುವುದಾದರೆ ನೋಡಿಕೊಳ್ಳುವವರಿಗೆ ದಿನಕ್ಕೆ 200-300 ಕೊಡುವ ಲೆಕ್ಕ ಇಟ್ಟುಕೊಳ್ಳಿ. ಪಕ್ಕದ ಮನೆಯವರು ದುಡ್ಡು ತೆಗೆದುಕೊಳ್ಳದಿದ್ದರೆ ಬರುವಾಗ ಊರಿನ ರೊಟ್ಟಿ, ಶೇಂಗಾ ಹೋಳಿಗೆ. ದೀಪಾವಳಿಯ ದಿನ ಮಾತ್ರ ಬಿಟ್ಟು ಹೋಗಬೇಡಿ, ಪಟಾಕಿ ಸದ್ದಿಗೆ ಹೆದರಿ ಊಟ ಬಿಡುವ ಮೊಲಗಳು ಬಹಳ. ಹುಲ್ಲನ್ನು ದಿನದ ಲೆಕ್ಕದಲ್ಲಿ ನಾಲ್ಕು ಚೀಲ ಮಾಡಿ, ಪೆಲೆಟ್ಟನ್ನು ನಾಲ್ಕು ಪೊಟ್ಟಣ ಕಟ್ಟಿ ಕೊಡಿ. ಡಬ್ಬಿ ಎಲ್ಲಿದೆ ಅಂತ ತೋರಿಸಿ. ಫ್ರಿಜ್ಜಿನ ಮೇಲೆ ಡಾಕ್ಟರ ನಂಬರಿನ ಜೊತೆ ದೊಡ್ಡ ಅಕ್ಷರದಲ್ಲಿ ಒಂದೇ ಸಾಲು ಅಂಟಿಸಿ: ಬೆಳಿಗ್ಗೆ ಟಬ್ಬಿನಲ್ಲಿ ಹಿಕ್ಕೆ ಇಲ್ಲದಿದ್ದರೆ ನಮಗೆ ಆಮೇಲೆ ಹೇಳಿ, ಮೊದಲು ಈ ನಂಬರಿಗೆ ಫೋನ್ ಮಾಡಿ.